ನೊಣಗಾಳ ಮತ್ತು ಗಿರಿತೊರೆಯ ಟ್ರೌಟ್

ನೊಣಗಾಳವೆಂಬುದು ಮೀನು ಹಿಡಿಯುವ ವಿಧಾನಗಳಲ್ಲೊಂದು. ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ, ನೀರಿಗೆ ಇಳಿಬಿಟ್ಟು, ಬೆಂಡು ಮುಳುಗುವುದನ್ನೇ ಕಾಯುತ್ತ ದಡದಲ್ಲಿ ಕೂರುವ ಸಾಮಾನ್ಯ ಪದ್ಧತಿಗೂ ಇದಕ್ಕೂ ಎರಡು ವಿಷಯಗಳಲ್ಲಿ ಭೇದವುಂಟು. ಇಲ್ಲಿ ಮೀನಿಗೆ ಒಡ್ಡುವುದು ನಿಜವಾದ ಆಹಾರವಲ್ಲ. ಹಕ್ಕಿಯ ಗರಿ, ಪ್ರಾಣಿಯ ರೋಮ, ರೇಷ್ಮೆಯ ಎಳೆ ಇವನ್ನು ಸಣ್ಣ ಗಾಳದ ಮೈಗೆ ಸುತ್ತಿ ಮಾಡಿದ, ನೀರಿಗೆ ಬಿದ್ದ ಕೀಟವೆಂಬ ಭ್ರಾಂತಿಯನ್ನು ಹುಟ್ಟಿಸುವ ಕೃತಕ ನೊಣ. ಈ ನೊಣಕ್ಕೆ ತೂಕವೆಂಬುದು ಇಲ್ಲವೇ ಇಲ್ಲವೆನ್ನಬಹುದಾದ್ದರಿಂದ ಅದನ್ನು ಸೀಸದ ಗುಂಡು ಕಟ್ಟಿದ ಗಾಳದಂತೆ ಎಸೆಯಲಾಗದು, ತೂಕವಿರುವುದು ದಾರದಲ್ಲಿ. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರವು ಗಾಳಗಾರನ ಬೆನ್ನ ಹಿಂದೆ ಗಾಳಿಯಲ್ಲಿ ನೀಳವಾಗಿ ಬಿಚ್ಚಿಕೊಂಡು, ಅದರ ಭಾರಕ್ಕೆ ಕೋಲು ಬಾಗಿ, ಮುಂದಕ್ಕೆ ಬೀಸಿದೊಡನೆ ಆ ಬಾಗು ನೆಟ್ಟಗಾಗುವ ರಭಸದಲ್ಲಿ ದಾರವೂ ಅದರ ತುದಿಯ ನೊಣವೂ ನೀರಿನ ಮೇಲಕ್ಕೆ ತೂರಿಹೋಗುತ್ತವೆ. ವಿಶಾಲವಾದ ಬಯಲು ನದಿಗಳಲ್ಲಿ ಈ ಬೀಸುಗೆಯ ಸೊಬಗೇ ವಿದ್ಯೆಯ ಮುಕ್ಕಾಲು ಪಾಲೆಂದು ಭಾವಿಸುವವರು ಬಹಳ ಮಂದಿ. ಬಂಡೆಗಳ ನಡುವೆ ಧುಮುಕುತ್ತ, ಮರದ ಕೊಂಬೆಗಳ ಕೆಳಗೆ ನುಸುಳುತ್ತ ಇಳಿಯುವ, ನಾಲ್ಕು ಹೆಜ್ಜೆಗೆ ದಾಟಬಹುದಾದ ಗಿರಿತೊರೆಯಲ್ಲಾದರೋ ಆ ಸೊಬಗಿಗೆ ಅವಕಾಶವೂ ಇಲ್ಲ, ಅವಶ್ಯಕತೆಯೂ ಇಲ್ಲ. ಅಲ್ಲಿ ಬೇಕಾದದ್ದು ಮೀನಿನ ಕಣ್ಣಿಗೆ ಬೀಳದಂತೆ ಅದರ ಹತ್ತಿರಕ್ಕೆ ಹೋಗುವ ಜಾಣ್ಮೆ.

ಟ್ರೌಟ್ ಎಂಬುದು ಸಾಲ್ಮನ್ ಕುಟುಂಬಕ್ಕೆ ಸೇರಿದ, ತಣ್ಣೀರನ್ನೇ ಆಶ್ರಯಿಸಿ ಬದುಕುವ ಮೀನುಗಳ ಸಾಮಾನ್ಯ ನಾಮ. ಇವುಗಳಲ್ಲಿ ಯೂರೋಪು ಮತ್ತು ಪಶ್ಚಿಮ ಏಷ್ಯಗಳ ಮೂಲನಿವಾಸಿಯಾದ ಕಂದು ಟ್ರೌಟ್ 1758ರಲ್ಲಿಯೇ ಲಿನೀಯಸನಿಂದ ಶಾಸ್ತ್ರೀಯ ನಾಮಕರಣವನ್ನು ಪಡೆದದ್ದು. ಹೊನ್ನುಗಂದು ಬಣ್ಣದ ಅದರ ಪಕ್ಕೆಗಳ ಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆಗಳಿದ್ದು, ಅವುಗಳಲ್ಲಿ ಅನೇಕಕ್ಕೆ ಸುತ್ತಲೂ ಮಾಸಲು ಬಿಳುಪಿನ ಬಳೆಯಿರುತ್ತದೆ. ಶಾಂತಸಾಗರದತ್ತ ಹರಿಯುವ ಉತ್ತರ ಅಮೆರಿಕದ ನದಿಗಳಿಗೂ ರಷ್ಯದ ಕಾಮ್ಚಾಟ್ಕ ಪ್ರಾಂತಕ್ಕೂ ಸೇರಿದ ಮಳೆಬಿಲ್ಲು ಟ್ರೌಟಿನ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ನಸುಗೆಂಪು ಪಟ್ಟಿಯೊಂದು ಓಡುತ್ತದೆ. ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಗಳ ತೊರೆಗಳಲ್ಲಿರುವ ಬ್ರೂಕ್ ಟ್ರೌಟ್ ಶಾಸ್ತ್ರರೀತ್ಯಾ ಚಾರ್ ಎಂಬ ಬೇರೆ ಪಂಗಡದ್ದಾದರೂ ಗಾಳಗಾರರ ವ್ಯವಹಾರದಲ್ಲಿ ಟ್ರೌಟಾಗಿಯೇ ನಡೆದುಬಂದಿದೆ. ಇವೆಲ್ಲಕ್ಕೂ ಸಮಾನವಾದ ಅಗತ್ಯವೆಂದರೆ ತಂಪು. 10ರಿಂದ 16 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಟ್ರೌಟ್ ಚೆನ್ನಾಗಿ ಉಂಡು ಬೆಳೆಯುತ್ತದೆ. 20 ಡಿಗ್ರಿಯನ್ನು ಮೀರಿದರೆ ಬಳಲುತ್ತದೆ. 25ರ ಆಚೆಗೆ ಬಹುಕಾಲ ಬದುಕಲಾರದು. ತಣ್ಣೀರು ಹೆಚ್ಚು ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲದೆಂಬುದೂ, ಬಂಡೆಯಿಂದ ಬಂಡೆಗೆ ಬಿದ್ದು ನೊರೆಯೇಳುವ ತೊರೆ ಗಾಳಿಯನ್ನು ತಾನೇ ಬೆರೆಸಿಕೊಳ್ಳುತ್ತದೆಂಬುದೂ ಇದಕ್ಕೆ ಕಾರಣ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣುಮೀನು ಶುದ್ಧವಾದ ಜಲ್ಲಿಯಿರುವ ಸ್ಥಳವನ್ನು ಹುಡುಕಿ, ಮಗ್ಗುಲಾಗಿ ಮಲಗಿ ಬಾಲದಿಂದ ಬಡಿದು ಗುಂಡಿ ತೋಡಿ, ಮೊಟ್ಟೆಗಳನ್ನಿಟ್ಟು ಮತ್ತೆ ಜಲ್ಲಿಯನ್ನೇ ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ನೀರು ಹರಿದಾಡುತ್ತಿರುವವರೆಗೆ ಮೊಟ್ಟೆ ಬದುಕುತ್ತದೆ; ಹೂಳು ಕಟ್ಟಿತೆಂದರೆ ಉಸಿರುಗಟ್ಟಿ ಸಾಯುತ್ತದೆ.

ಗಿರಿತೊರೆ ನೋಡುವುದಕ್ಕೆ ಎಷ್ಟು ಚೆಲುವೋ ಆಹಾರದ ದೃಷ್ಟಿಯಿಂದ ಅಷ್ಟೇ ಬಡವು. ಗಟ್ಟಿ ಶಿಲೆಯ ಮೇಲೆ ಹರಿಯುವ ನೀರಿನಲ್ಲಿ ಲವಣಗಳು ಕಡಿಮೆ. ಲವಣ ಕಡಿಮೆಯಾದಲ್ಲಿ ಪಾಚಿ ಕಡಿಮೆ, ಪಾಚಿ ಕಡಿಮೆಯಾದಲ್ಲಿ ಅದನ್ನು ಮೇಯುವ ಹುಳುಗಳು ಕಡಿಮೆ. ತಗ್ಗುಪ್ರದೇಶದ ಸಮೃದ್ಧ ಸರೋವರದಲ್ಲಿ ಹಲವು ಕಿಲೋಗ್ರಾಂ ತೂಗಬಲ್ಲ ಮೀನಿನ ಜಾತಿಯೇ ಇಂತಹ ತೊರೆಯಲ್ಲಿ ನಾಲ್ಕು ವರ್ಷ ಕಳೆದರೂ ಗೇಣುದ್ದಕ್ಕೆ ನಿಂತುಬಿಡುವುದು ಸಾಧಾರಣ. ಇಲ್ಲಿ ಅದರ ಮುಖ್ಯ ಆಹಾರ ಮೂರು ಬಗೆಯ ಜಲಕೀಟಗಳು: ಮರಿಯಾಗಿ ಕಲ್ಲುಗಳ ಅಡಿಯಲ್ಲಿ ಬೆಳೆದು ಒಂದು ದಿನ ಮೇಲ್ಮೈಗೇರಿ ರೆಕ್ಕೆ ಬಿಚ್ಚುವ ಮೇಫ್ಲೈ, ಮರಳಿನ ಕಣ ಕಡ್ಡಿಚೂರುಗಳನ್ನು ಅಂಟಿಸಿಕೊಂಡು ಗೂಡು ಕಟ್ಟುವ ಕ್ಯಾಡಿಸ್, ಮತ್ತು ಶುದ್ಧವಾದ ರಭಸದ ನೀರನ್ನು ಬಿಟ್ಟು ಬೇರೆಡೆ ಅಪರೂಪವಾದ ಸ್ಟೋನ್‌ಫ್ಲೈ. ಮೇಫ್ಲೈಗೆ ಇತರ ಯಾವ ಕೀಟಕ್ಕೂ ಇಲ್ಲದ ವೈಶಿಷ್ಟ್ಯವೊಂದುಂಟು: ರೆಕ್ಕೆ ಬಂದ ಮೇಲೆಯೂ ಅದು ಮತ್ತೊಮ್ಮೆ ಪೊರೆ ಕಳಚಿ, ಮಂಕು ರೆಕ್ಕೆಯನ್ನು ಬಿಟ್ಟು ಗಾಜಿನ ಹೊಳಪಿನ ರೆಕ್ಕೆಯನ್ನು ಪಡೆಯುತ್ತದೆ. ಬೇಸಿಗೆ ಬಲಿತಂತೆ ದಡದ ಹುಲ್ಲು ಮರಗಳಿಂದ ಗಾಳಿಗೆ ಉದುರುವ ಇರುವೆ, ಜೀರುಂಡೆ, ಮಿಡತೆಗಳೂ ಟ್ರೌಟಿನ ಪಾಲಿಗೆ ದೊಡ್ಡ ಆಧಾರವಾಗುತ್ತವೆ. ಇಷ್ಟು ವಿವರದ ತಾತ್ಪರ್ಯವೆಂದರೆ, ಗಿರಿತೊರೆಯ ಮೀನು ಹಸಿದ ಮೀನು. ತೇಲಿ ಬಂದದ್ದನ್ನು ಪರೀಕ್ಷಿಸಿ ಒಪ್ಪುವ ಇಲ್ಲವೇ ತಳ್ಳುವ ವ್ಯವಧಾನ ಅದಕ್ಕಿಲ್ಲ. ರಭಸದ ನೀರಿನಲ್ಲಿ ಕ್ಷಣಾರ್ಧದೊಳಗೆ ಹಿಡಿಯದಿದ್ದರೆ ತುತ್ತು ಕೈಬಿಟ್ಟಂತೆಯೇ.

ಈ ವಿದ್ಯೆಯ ಪ್ರಾಚೀನತೆಗೆ ದೊರೆಯುವ ಸ್ಪಷ್ಟವಾದ ಉಲ್ಲೇಖ ರೋಮನ್ ಲೇಖಕ ಈಲಿಯನನದು. ಕ್ರಿಸ್ತಶಕ 200ರ ಸುಮಾರಿನಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪ್ರಾಣಿವಿಷಯಕ ಗ್ರಂಥದಲ್ಲಿ ಆತನು ಮ್ಯಾಸಿಡೋನಿಯದ ಆಸ್ಟ್ರೀಯಸ್ ಎಂಬ ನದಿಯಲ್ಲಿ ಚುಕ್ಕೆಮೈಯ ಮೀನುಗಳಿದ್ದವೆಂದೂ, ಅವು ನೀರಿನ ಮೇಲೆ ಹಾರುವ ಒಂದು ಜಾತಿಯ ನೊಣವನ್ನು ತಿನ್ನುತ್ತಿದ್ದವೆಂದೂ, ಆ ನೊಣವು ಮುಟ್ಟಿದರೆ ಬಣ್ಣಗೆಡುವುದರಿಂದ ಅಲ್ಲಿಯ ಜನರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನುಗಳನ್ನು ವಂಚಿಸುತ್ತಿದ್ದರೆಂದೂ ತಿಳಿಸುತ್ತಾನೆ. ಅವರ ಕೋಲು ಆರಡಿ, ದಾರವೂ ಅಷ್ಟೇ ಉದ್ದ. ಇಂದು ಸಣ್ಣ ತೊರೆಗಳಿಗೆಂದು ಮಾರಾಟವಾಗುವ ಕೋಲುಗಳು ಆರರಿಂದ ಏಳೂವರೆ ಅಡಿಯವು. ಮುಂದೆ 1496ರಲ್ಲಿ ವಿಂಕಿನ್ ಡ ವರ್ಡ್ ಎಂಬ ಮುದ್ರಕನು ಲಂಡನ್ ಪ್ರಾಂತದಲ್ಲಿ ಅಚ್ಚುಮಾಡಿದ ಗಾಳವಿದ್ಯೆಯ ಪ್ರಬಂಧದಲ್ಲಿ ಹನ್ನೆರಡು ಕೃತಕ ನೊಣಗಳ ವರ್ಣನೆಯಿದೆ; ಅದನ್ನು ಡೇಮ್ ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿ ರಚಿಸಿದಳೆಂಬ ಪರಂಪರೆಯ ಮಾತಿಗೆ ದೃಢವಾದ ಆಧಾರ ಸಾಲದು. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ 'ದಿ ಕಂಪ್ಲೀಟ್ ಆ್ಯಂಗ್ಲರ್' 1653ರಲ್ಲಿ ಹೊರಬಂದಿತು. ಆದರೆ ವಾಲ್ಟನ್ ಮುಖ್ಯವಾಗಿ ಹುಳುವಿನ ಗಾಳದವನು; ನೊಣಗಾಳದ ವಿಚಾರದಲ್ಲಿ ಆ ಗ್ರಂಥಕ್ಕೆ ಬೆಲೆ ಬಂದದ್ದು 1676ರ ಐದನೆಯ ಮುದ್ರಣಕ್ಕೆ ಆತನ ಕಿರಿಯ ಮಿತ್ರ ಚಾರ್ಲ್ಸ್ ಕಾಟನ್ ಸೇರಿಸಿದ ಭಾಗದಿಂದ. ಡರ್ಬಿಷೈರಿನ ಡವ್ ಎಂಬ ಪುಟ್ಟ ನದಿಯ ದಂಡೆಯಲ್ಲಿ ಬಾಳಿದ ಕಾಟನ್ನನಿಗೆ ತಿಳಿಯಾದ ನೀರಿನಲ್ಲಿ ಸೂಕ್ಷ್ಮವಾದ ಎಳೆಯಿಂದ, ದೂರದಿಂದ ಗಾಳ ಬೀಸಬೇಕೆಂಬ ಮರ್ಮ ತಿಳಿದಿತ್ತು. 1674ರಲ್ಲಿ ಆತನು ನದೀತೀರದಲ್ಲಿ ಕಟ್ಟಿಸಿದ ಗಾಳದ ಮನೆ ಇಂದಿಗೂ ನಿಂತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ಶಾಸ್ತ್ರದ ಬಿಗಿ ಬಂದಿತು. ಆಲ್ಫ್ರೆಡ್ ರೊನಾಲ್ಡ್ಸ್ 1836ರಲ್ಲಿ ಪ್ರಕಟಿಸಿದ ಕೃತಿ ನೊಣಗಳನ್ನು ಕೀಟಶಾಸ್ತ್ರದ ಹೆಸರುಗಳೊಡನೆ ಹೊಂದಿಸಿ ಚಿತ್ರಿಸಿತು. ದಕ್ಷಿಣ ಇಂಗ್ಲೆಂಡಿನ ಸುಣ್ಣಶಿಲೆಯ ನೆಲದಿಂದುಕ್ಕುವ ಟೆಸ್ಟ್, ಇಚೆನ್ ಮುಂತಾದ ನದಿಗಳು ನಿಧಾನವಾಗಿ, ಸ್ಫಟಿಕಸ್ವಚ್ಛವಾಗಿ, ಕೀಟಗಳಿಂದ ತುಂಬಿ ಹರಿಯುತ್ತವೆ. ಅಲ್ಲಿಯ ಮೀನು ಹೊಟ್ಟೆ ತುಂಬಿದ, ಆಯ್ದು ತಿನ್ನುವ ಮೀನು. ಫ್ರೆಡರಿಕ್ ಹಾಲ್ಫರ್ಡ್ 1886 ಮತ್ತು 1889ರಲ್ಲಿ ಹೊರತಂದ ಗ್ರಂಥಗಳಲ್ಲಿ, ಮೇಲ್ಮೈಗೆ ಬಂದು ತಿನ್ನುತ್ತಿರುವ ಮೀನನ್ನು ಮೊದಲು ಕಣ್ಣಾರೆ ಕಂಡು, ಅದು ತಿನ್ನುತ್ತಿರುವ ಕೀಟದ ತದ್ರೂಪವಾದ ಒಣ ನೊಣವನ್ನು ಅದರ ಮುಂದೆ ತೇಲಿಬಿಡುವುದೇ ಶ್ರೇಷ್ಠವೆಂಬ ಮತವನ್ನು ಸ್ಥಾಪಿಸಿದನು. ಮೇಲ್ಮೈಯ ಕೆಳಗೆ ಮುಳುಗಿ ಸಾಗುವ ಕೀಟಮರಿಯ ರೂಪವನ್ನೂ ಬಳಸಬಹುದೆಂದು ಜಿ. ಇ. ಎಂ. ಸ್ಕೂಸ್ 1910ರಲ್ಲಿ ವಾದಿಸಿದಾಗ ಎದ್ದ ವಿವಾದ ಎಷ್ಟು ಬೆಳೆಯಿತೆಂದರೆ, 1938ರಲ್ಲಿ ಲಂಡನ್ನಿನ ನೊಣಗಾಳಗಾರರ ಕ್ಲಬ್ಬಿನಲ್ಲಿ ಆ ಪದ್ಧತಿ ಧರ್ಮವೋ ಅಧರ್ಮವೋ ಎಂಬುದನ್ನು ಕುರಿತು ಗಂಭೀರವಾದ ಚರ್ಚಾಸಭೆಯೇ ನಡೆಯಿತು. ಯೂರೋಪು ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿದ್ದ ಕಾಲವದು.

ಗಿರಿತೊರೆಯ ದೃಷ್ಟಿಯಿಂದ ನೋಡಿದರೆ ಈ ವಾದವೆಲ್ಲ ಪರದೇಶದ್ದು. ಅದಕ್ಕೆ ಸಲ್ಲುವ ಆಚಾರ್ಯನೆಂದರೆ ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟುವರ್ಟ್. ಟ್ವೀಡ್ ನದಿಗೆ ಇಳಿದು ಬರುವ ಗುಡ್ಡಗಾಡಿನ ತೊರೆಗಳಲ್ಲಿ ಪಳಗಿದ ಈತನು 1857ರಲ್ಲಿ 'ದಿ ಪ್ರ್ಯಾಕ್ಟಿಕಲ್ ಆ್ಯಂಗ್ಲರ್' ಎಂಬ ಸಣ್ಣ ಪುಸ್ತಕವನ್ನು ಬರೆದು, ಅಂದಿನ ಬಹುಮಂದಿ ರೂಢಿಯಂತೆ ಪ್ರವಾಹದ ದಿಕ್ಕಿನಲ್ಲಿ ಗಾಳ ಬೀಸುತ್ತ ಕೆಳಕ್ಕೆ ನಡೆಯುವುದು ತಪ್ಪೆಂದೂ, ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ನಡೆಯಬೇಕೆಂದೂ ಸಾರಿದನು. ಆತನ ಯುಕ್ತಿಗಳು ಸರಳವಾದವು. ಮೀನು ಸದಾ ಹೊಳೆಗೆದುರಾಗಿ ಮುಖವಿಟ್ಟು ನಿಲ್ಲುತ್ತದೆ. ಕೆಳಗಿನಿಂದ ಬರುವವನು ಅದರ ಬೆನ್ನ ಹಿಂದಿರುತ್ತಾನೆ. ಕಚ್ಚಿದ ಮೀನನ್ನು ಎಳೆದಾಗ ಗಾಳ ಅದರ ಬಾಯೊಳಗೆ ನಾಟುತ್ತದೆಯೇ ಹೊರತು ಬಾಯಿಂದ ಜಾರುವುದಿಲ್ಲ. ಸಿಕ್ಕ ಮೀನು ಕೆಳಕ್ಕೆ ಓಡಿಬರುವುದರಿಂದ ಮೇಲಿನ ನೀರು ಕದಡದೆ ಉಳಿಯುತ್ತದೆ. ನೊಣಗಳ ವಿಷಯದಲ್ಲಂತೂ ಆತನು ಪರಮ ವಿರಕ್ತ: ಮೂರೇ ಬಗೆಯ 'ಸ್ಪೈಡರ್' ನೊಣಗಳು ಸಾಕೆಂದನು. ಅವುಗಳಲ್ಲಿ ಕಪ್ಪು ಸ್ಪೈಡರನ್ನು ಜೇಮ್ಸ್ ಬೇಲಿ ಎಂಬ ಗಾಳಗಾರನಿಂದ ಕಲಿತದ್ದೆಂದು ಕೃತಜ್ಞತೆಯಿಂದ ಒಪ್ಪಿಕೊಂಡಿದ್ದಾನೆ. ಕಂದು ರೇಷ್ಮೆ ಎಳೆಗೆ ಮೇಣ ಸವರಿ ಗಾಳದ ಕಾಂಡಕ್ಕೆ ಸುತ್ತಿ, ಗಂಡು ಸ್ಟಾರ್ಲಿಂಗ್ ಹಕ್ಕಿಯ ಕೊರಳ ಹೊಳಪುಗಪ್ಪಿನ ಪುಟ್ಟ ಗರಿಯೊಂದನ್ನು ಅದೇ ಎಳೆಯೊಡನೆ ಹೊರಳಿಸಿ, ಕಾಂಡದ ಮುಂಭಾಗದಲ್ಲಿ ಕೆಲವು ಸುತ್ತು ಹಾಕಿ ಬಿಗಿದರೆ ಅದು ಸಿದ್ಧವಾಯಿತು. ರೆಕ್ಕೆಯಿಲ್ಲ, ಬಾಲವಿಲ್ಲ. ಒಣಗಿರುವಾಗ ನೋಡಿದರೆ ಯಾವ ಕೀಟದ ರೂಪವೂ ಅದಕ್ಕಿಲ್ಲ. ನೀರಿಗೆ ಬಿದ್ದೊಡನೆ ಗರಿಯ ಮೃದುವಾದ ಎಳೆಗಳು ಸೆಳವಿಗೆ ಮುದುಡುತ್ತ ಬಿಚ್ಚುತ್ತ ಜೀವವಿರುವಂತೆ ಮಿಡಿಯುತ್ತವೆ. ಹಸಿದ ಮೀನಿಗೆ ಅಷ್ಟು ಸಾಕು.

ಉಪಕರಣಗಳ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಹುದು. ಕುದುರೆಯ ಬಾಲದ ಕೂದಲನ್ನು ಹೊಸೆದ ದಾರ ಹೋಗಿ ಎಣ್ಣೆಯೂಡಿದ ರೇಷ್ಮೆ ದಾರ ಬಂದಿತು. ಈಗಿನದು ಪ್ಲಾಸ್ಟಿಕ್ ಲೇಪವುಳ್ಳದ್ದು. ದಾರಕ್ಕೂ ನೊಣಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆ ಬೇಕು. ನೈಲಾನ್ ಬರುವ ಮುನ್ನ ಇದನ್ನು, ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ವಿನಿಗರಿನಲ್ಲಿ ನೆನೆಸಿ, ಅದರ ರೇಷ್ಮೆಗ್ರಂಥಿಯನ್ನೇ ಉದ್ದಕ್ಕೆ ಎಳೆದು ತಯಾರಿಸುತ್ತಿದ್ದರು. ಸ್ಪೇನಿನ ಮುರ್ಸಿಯ ಪ್ರಾಂತ ಇದಕ್ಕೆ ಹೆಸರಾಗಿತ್ತು. ಕೋಲುಗಳ ಪೈಕಿ, ಬಿದಿರನ್ನು ಸೀಳಿ ಆರು ತ್ರಿಕೋನಾಕೃತಿಯ ಪಟ್ಟಿಗಳನ್ನು ಅಂಟಿಸಿ ಮಾಡಿದ ಕೋಲು ದೀರ್ಘಕಾಲ ಶ್ರೇಷ್ಠವೆನಿಸಿತ್ತು. ಚೀನದ ಟಾಂಕಿನ್ ಬಿದಿರು ಆ ಸ್ಥಾನವನ್ನು ಆಕ್ರಮಿಸುವ ಮುನ್ನ ಇದಕ್ಕೆ ಬಳಕೆಯಾಗುತ್ತಿದ್ದದ್ದು ಕಲ್ಕತ್ತದ ಬಿದಿರೆಂದು ಪ್ರಸಿದ್ಧವಾಗಿದ್ದ ಭಾರತದ ಸರಕು. 1970ರ ದಶಕದಿಂದೀಚೆಗೆ ಇಂಗಾಲದ ನಾರಿನ ಕೋಲುಗಳೇ ಹೆಚ್ಚು. ನೊಣ ಕಟ್ಟುವ ಗರಿಗಳಲ್ಲಿ ನಮ್ಮ ಸಹ್ಯಾದ್ರಿಯ ಕಾಡುಕೋಳಿಗೂ ಪಾಲಿತ್ತು: ಹುಂಜದ ಕೊರಳಗರಿಯ ತುದಿಯಲ್ಲಿರುವ, ಅರಗು ಹಚ್ಚಿದಂತೆ ಹೊಳೆಯುವ ಹಳದಿ ಬಿಳುಪಿನ ಬೊಟ್ಟುಗಳನ್ನು ನೊಣಕ್ಕೆ ಕಣ್ಣಾಗಿ ಕೂರಿಸುತ್ತಿದ್ದರು. ಇದರ ಸಲುವಾಗಿ ಆ ಹಕ್ಕಿಗಳು ಹೇರಳವಾಗಿ ಹತವಾದ ಮೇಲೆ ಭಾರತ ಸರ್ಕಾರ ರಫ್ತನ್ನು ನಿಷೇಧಿಸಿತು.

ಇನ್ನು ತೊರೆಯಲ್ಲಿ ಮೀನನ್ನು ಸಮೀಪಿಸುವ ಕ್ರಮ. ಬೆಳಕಿನ ವಕ್ರೀಭವನದ ಕಾರಣದಿಂದ, ನೀರೊಳಗಿನ ಮೀನಿಗೆ ಹೊರಜಗತ್ತು ಕಾಣುವುದು ತಲೆಯ ಮೇಲಿನ ಒಂದು ವೃತ್ತಾಕಾರದ ಗವಾಕ್ಷಿಯ ಮೂಲಕ ಮಾತ್ರ. ಅದರ ಸುತ್ತಲಿನ ಮೇಲ್ಮೈಯೆಲ್ಲ ತಳವನ್ನು ಪ್ರತಿಬಿಂಬಿಸುವ ಕನ್ನಡಿ. ಆ ನೋಟದ ಶಂಕುವಿನ ಕೋನ ಸುಮಾರು 97 ಡಿಗ್ರಿಯಾದ್ದರಿಂದ, ಒಂದಡಿ ಆಳದಲ್ಲಿರುವ ಮೀನಿನ ಗವಾಕ್ಷಿಗೆ ಎರಡೂಕಾಲು ಅಡಿಯಷ್ಟು ವ್ಯಾಸ. ಮೀನು ಆಳಕ್ಕಿಳಿದಷ್ಟೂ ಅದು ಹಿಗ್ಗುತ್ತದೆ. ಹೊರಗಿನ ವಸ್ತುಗಳಲ್ಲಿ ನೀರಿನ ಮಟ್ಟಕ್ಕೆ ಸಮೀಪವಾದವು ಈ ಗವಾಕ್ಷಿಯ ಅಂಚಿನಲ್ಲಿ ಚಪ್ಪಟೆಯಾಗಿ ಮಸುಕಾಗಿ ಬೀಳುತ್ತವೆ. ನೀರಿನ ಮಟ್ಟದಿಂದ ಹತ್ತು ಡಿಗ್ರಿಗಿಂತ ಕೆಳಗಿರುವುದು ಮೀನಿಗೆ ಕಾಣದಂತೆಯೇ ಎಂದು ಲೆಕ್ಕವಿಟ್ಟುಕೊಂಡರೆ, ಆರಡಿ ಆಳು ನೆಟ್ಟಗೆ ನಿಂತಾಗ ಸುಮಾರು 34 ಅಡಿ ದೂರದಲ್ಲಿರಬೇಕು. ಅವನೇ ಮಂಡಿಯೂರಿ ಮೂರಡಿಯಾದರೆ 17 ಅಡಿಯವರೆಗೂ ಸಾಗಬಹುದು. ಸಣ್ಣ ತೊರೆಯ ಗಾಳಗಾರರ ಷರಾಯಿಗಳು ಮಂಡಿಯಲ್ಲಿಯೇ ಮೊದಲು ಸವೆಯುವುದಕ್ಕೆ ಇದು ಕಾರಣ. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರ ಕೈಯಿಂದ ಪುರಿ ತಿನ್ನಲು ಮುಗಿಬೀಳುವ ಮೀನುಗಳನ್ನು ನೋಡಿ ಬೆಳೆದವರಿಗೆ, ಕೋಲಿನ ನೆರಳೊಂದು ಹಾಯ್ದಷ್ಟಕ್ಕೇ ಇಡೀ ಮಡುವೇ ಬರಿದಾಗುವ ಈ ಭೀರುತ್ವವನ್ನು ನಂಬುವುದು ಕಷ್ಟವಾದೀತು. ಕಣ್ಣಿಗಿಂತಲೂ ಮಿಗಿಲಾಗಿ, ಪಕ್ಕೆಯುದ್ದಕ್ಕೂ ಓಡುವ ಪಾರ್ಶ್ವರೇಖೆ ಎಂಬ ಇಂದ್ರಿಯದಿಂದ ಟ್ರೌಟ್ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಮಾತಿನ ಸದ್ದು ನೀರಿಗೆ ಅಷ್ಟಾಗಿ ಇಳಿಯದಾದರೂ ಕಾಲಡಿಯಲ್ಲಿ ಉರುಳಿದ ಕಲ್ಲಿನ ಪೆಟ್ಟು ಇಳಿಯುತ್ತದೆ.

ಮಡುವೊಂದನ್ನು ಕೆಳಗಿನಿಂದ ಕ್ರಮವಾಗಿ ನೋಡಬೇಕು. ನೀರು ಸಪಾಟಾಗಿ ತೆಳುವಾಗಿ ಹೊರಬೀಳುವ ಬಾಲಭಾಗದಲ್ಲಿ ಬಹುಶಃ ಸಣ್ಣ ಮೀನೊಂದು ಕಾವಲಿಗಿರುತ್ತದೆ. ಅದನ್ನು ಲೆಕ್ಕಿಸದೆ ಮುಂದೆ ಹೆಜ್ಜೆಯಿಟ್ಟರೆ ಅದು ಬಾಣದಂತೆ ಮೇಲಕ್ಕೋಡಿ ಉಳಿದವಕ್ಕೆಲ್ಲ ಸುದ್ದಿ ಮುಟ್ಟಿಸಿಬಿಡುತ್ತದೆ. ನಡುವೆ ಬಂಡೆಯಿದ್ದರೆ ಅದರ ಹಿಂದಿನ ನಿಶ್ಚಲವಾದ ನೀರಿಗಿಂತಲೂ, ಎರಡು ಕಡೆಯ ಸೆಳವುಗಳು ಕೂಡುವ ರೇಖೆಯೂ ಬಂಡೆಯ ಮುಂದಿನ ಪುಟ್ಟ ತಡೆಯೂ ಮುಖ್ಯ. ಮೀನಿಗೆ ಬೇಕಾದದ್ದು ಹೆಚ್ಚು ಶ್ರಮವಿಲ್ಲದೆ ನಿಲ್ಲುವ ಜಾಗ, ಅದರ ಪಕ್ಕದಲ್ಲೇ ಆಹಾರವನ್ನು ಹೊತ್ತು ತರುವ ಓಟ, ಬೆದರಿದಾಗ ಸೇರಿಕೊಳ್ಳಲು ಒಂದು ಸಂದು. ಇವು ಮೂರೂ ಕೂಡಿದ ಸ್ಥಳ ಸಾಧಾರಣವಾಗಿ ಮಡುವಿನ ತಲೆಯಲ್ಲಿ, ಬೀಳುನೀರಿನ ನೊರೆ ಕರಗುವೆಡೆಯಲ್ಲಿ ಇರುತ್ತದೆ. ಇರುವುದರಲ್ಲಿ ದೊಡ್ಡ ಮೀನು ಅದನ್ನು ಆಕ್ರಮಿಸಿರುತ್ತದೆ. ನೊಣ ಅಲ್ಲಿ ಬಿದ್ದ ಮೇಲೆ ಸೆಳವಿನ ವೇಗದಲ್ಲಿಯೇ ಸಾಗಬೇಕು. ನಡುವಿನ ರಭಸದ ನೀರು ದಾರವನ್ನು ಹಿಡಿದೆಳೆದರೆ ನೊಣವು ಮೇಲ್ಮೈಯಲ್ಲಿ ಗೆರೆ ಎಳೆಯುತ್ತ ಜಾರುತ್ತದೆ, ಹಸಿದ ಮೀನೂ ಅದನ್ನು ಮುಟ್ಟುವುದಿಲ್ಲ. ಇದನ್ನು ತಪ್ಪಿಸಲು ಕೋಲನ್ನು ಎತ್ತಿಹಿಡಿದು, ನೀರಿನ ಮೇಲೆ ಆದಷ್ಟು ಕಡಿಮೆ ದಾರ ಬೀಳುವಂತೆ ನೋಡಿಕೊಳ್ಳುತ್ತಾರೆ. ಬೆನ್ನ ಹಿಂದೆ ಕೊಂಬೆಗಳು ಒತ್ತಾಗಿದ್ದು ಬೀಸಲು ಎಡೆಯಿಲ್ಲದಿದ್ದರೆ, ನೊಣವನ್ನು ಎರಡು ಬೆರಳುಗಳಲ್ಲಿ ಹಿಡಿದು, ಬಿಲ್ಲನ್ನು ಎಳೆದಂತೆ ಕೋಲನ್ನು ಬಾಗಿಸಿ ಬಿಡುವುದೂ ಉಂಟು.

ಜಪಾನಿನ ಬೆಟ್ಟಗಾಡಿನಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರ ಸ್ವತಂತ್ರವಾಗಿ ಬೆಳೆದುಬಂದಿತು. ತೆಂಕರ ಎಂಬ ಆ ಪದ್ಧತಿಯಲ್ಲಿ ದಾರ ಸುತ್ತುವ ರಾಟೆಯೇ ಇಲ್ಲ. ಹನ್ನೆರಡು ಅಡಿಯ ಆಸುಪಾಸಿನ ನೀಳ ಕೋಲಿನ ತುದಿಗೇ ದಾರ ಕಟ್ಟಿರುತ್ತದೆ. ಕೋಲಿನ ಉದ್ದದಿಂದಾಗಿ ನಡುವಿನ ಸೆಳವುಗಳ ಮೇಲೆ ದಾರ ಬೀಳುವುದಿಲ್ಲ. ಇವಾನ, ಯಮಮೆ ಎಂಬ ಮೀನುಗಳನ್ನು ಹೀಗೆ ಹಿಡಿದು ಬೆಟ್ಟದ ಛತ್ರಗಳಿಗೆ ಮಾರಿ ಜೀವಿಸುತ್ತಿದ್ದವರಿಗೆ ಅದು ವಿನೋದವಾಗಿರದೆ ಕಸುಬಾಗಿತ್ತು. ಅವರೂ ಸ್ಟುವರ್ಟನಂತೆಯೇ ಒಂದೆರಡು ನೊಣಗಳಿಂದ ತೃಪ್ತರಾಗಿದ್ದರೆಂಬುದು ಗಮನಾರ್ಹ.

ಭಾರತದಲ್ಲಿ ಟ್ರೌಟ್ ಮೂಲತಃ ಇಲ್ಲ. ಹಿಮಾಲಯದಲ್ಲಿ ಹಿಮಟ್ರೌಟ್ ಎಂದು ಕರೆಯಲ್ಪಡುವ, ಕುಮಾವೂನಿನವರು ಅಸೇಲಾ ಎನ್ನುವ ಮೀನು ವಾಸ್ತವವಾಗಿ ಗೆಂಡೆಯ ಕುಟುಂಬದ್ದು. ಟ್ರೌಟನ್ನು ಹೊರಗಿನಿಂದ ತರುವ ಮೊದಲ ಪ್ರಯತ್ನ ನಡೆದದ್ದು ನೀಲಗಿರಿಯಲ್ಲಿ: ಭಾರತದ ಮತ್ಸ್ಯಗಳನ್ನು ಕುರಿತ ಮಹಾಗ್ರಂಥದ ಕರ್ತೃವಾದ ಡಾ. ಫ್ರಾನ್ಸಿಸ್ ಡೇ 1863ರಲ್ಲಿ ಇಂಗ್ಲೆಂಡಿನಿಂದ ತರಲು ಯತ್ನಿಸಿ ವಿಫಲನಾದನು. ಮರುವರ್ಷವೇ ನಾರ್ಫೋಕ್ ಎಂಬ ಹಡಗಿನಲ್ಲಿ ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟ ಮೊಟ್ಟೆಗಳು ಟಾಸ್ಮೇನಿಯಕ್ಕೆ ಜೀವಂತವಾಗಿ ತಲುಪಿದ್ದರಿಂದ, ಉಷ್ಣವಲಯವನ್ನು ದಾಟಿಸುವುದು ಸಾಧ್ಯವೆಂಬುದು ಸಿದ್ಧವಾಯಿತು. ಕಾಶ್ಮೀರಕ್ಕೆ ಕಳಿಸಿದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ನಾಶವಾದರೂ, 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದವು ಉಳಿದವು. ಶ್ರೀನಗರದಲ್ಲಿ ರತ್ನಗಂಬಳಿಯ ಉದ್ಯಮ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಹಾರ್ವಾನ್‌ನಲ್ಲಿ ಅವನ್ನು ಸಾಕಿ, ಕಣಿವೆಯ ತೊರೆಗಳಿಗೆ ಬಿಡಿಸಿದನು. ಕುಲು ಕಣಿವೆಯಲ್ಲಿ ಜಿ. ಸಿ. ಎಲ್. ಹೊವೆಲ್ ಎಂಬ ಅಧಿಕಾರಿಯ ಆಸಕ್ತಿಯಿಂದ 1909ರಲ್ಲಿ ಈ ಕಾರ್ಯ ಮೊದಲಾಯಿತು. ಅಲ್ಲಿಯ ಬಿಯಾಸ್ ನದಿಗೆ ಲಾರ್ಜಿಯ ಬಳಿ ಬಂದು ಕೂಡುವ ತೀರ್ಥನ್, ಗುಶೈಣಿಯಿಂದ ಮೇಲಕ್ಕೆ ದೇವದಾರುಗಳ ಕಣಿವೆಯಲ್ಲಿ ಕಂದು ಟ್ರೌಟಿಗೆ ಹೇಳಿ ಮಾಡಿಸಿದ ತೊರೆ. ಅದರ ಮೂಲದ ಬೆಟ್ಟಗಳು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿವೆ. ಮುಂಗಾರಿನ ಕೆಸರುನೀರು ಇಳಿಯುವ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಗಾಳ ಹಾಕುವುದು ನಿಷ್ಪ್ರಯೋಜಕ; ಮಾರ್ಚಿನಿಂದ ಜೂನ್, ಅನಂತರ ಸೆಪ್ಟೆಂಬರ್ ಅಕ್ಟೋಬರ್ ಪ್ರಶಸ್ತಕಾಲ.

ನೀಲಗಿರಿಯ ಕಥೆ ಮುಂದುವರಿದದ್ದು 1907ರಲ್ಲಿ, ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿಸಾಕಣೆಯ ಕೇಂದ್ರವನ್ನು ಸ್ಥಾಪಿಸಿದಾಗ. ಕಂದು ಟ್ರೌಟ್ ಅಲ್ಲಿ ನೆಲೆಯೂರಲಿಲ್ಲ. ಮಳೆಬಿಲ್ಲು ಟ್ರೌಟ್ ಊರಿತು. ಕನ್ನಡದ ಸೋದರನುಡಿಯಾದ ಬಡಗವನ್ನಾಡುವ ಜನರ ಈ ಬೆಟ್ಟಗಳಲ್ಲಿ, ಎರಡು ಸಾವಿರ ಮೀಟರುಗಳ ಎತ್ತರದ ಶೋಲೆಕಾಡು ಹುಲ್ಲುಗಾವಲುಗಳ ನಡುವೆ ಹರಿಯುವ ತೊರೆಗಳ ನೀರು ಭವಾನಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಕರ್ನಾಟಕದ ಮಲೆನಾಡಿನ ಹಳ್ಳಗಳಾದರೋ ಟ್ರೌಟಿಗೆ ಬೆಚ್ಚನೆಯವು. ನಮ್ಮ ಗಾಳಗಾರರ ಕೀರ್ತಿಯೆಲ್ಲ ಮಹಶೀರ್ ಮೀನಿನದು. ಆದರೂ ಭಾರತದಲ್ಲಿ ಕೋಲಿನ ಬೇಟೆಯನ್ನು ಕುರಿತ ಪ್ರಥಮ ಪ್ರಮಾಣಗ್ರಂಥವಾದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅದರ ಕರ್ತೃ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು.

ಹೀಗೆ ಗಾಳಗಾರರ ಪ್ರೀತಿಯಿಂದ ಲೋಕವನ್ನು ಸುತ್ತಿದ ಈ ಮೀನುಗಳು ಹೋದೆಡೆಯೆಲ್ಲ ಒಳ್ಳೆಯ ಅತಿಥಿಗಳಾಗಿ ನಡೆದುಕೊಂಡಿಲ್ಲವೆಂಬುದನ್ನು ಹೇಳದೆ ಬಿಡಲಾಗದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣ ಒಕ್ಕೂಟದ ತಜ್ಞಮಂಡಲಿ ಗುರುತಿಸಿದ, ಜಗತ್ತಿನಲ್ಲಿ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಕಂದು ಟ್ರೌಟೂ ಮಳೆಬಿಲ್ಲು ಟ್ರೌಟೂ ಸೇರಿವೆ. ಅಪಲೇಚಿಯನ್ ಬೆಟ್ಟಗಳಲ್ಲಿ ಹೊರಗಿನಿಂದ ತಂದುಬಿಟ್ಟ ಮಳೆಬಿಲ್ಲು ಟ್ರೌಟ್ ಅಲ್ಲಿಯ ಬ್ರೂಕ್ ಟ್ರೌಟನ್ನು ತೊರೆಗಳ ತುದಿಗೆ ಅಟ್ಟಿದೆ. ಹಿಮಾಲಯದಲ್ಲಿ ಕಂದು ಟ್ರೌಟ್ ಇರುವೆಡೆಗಳಲ್ಲಿ ಅಸೇಲಾದ ಪಾಡೂ ಚಿಂತಿಸತಕ್ಕದ್ದೇ. ಇನ್ನು ಗಾಳದ ನಿಯಮಗಳ ವಿಷಯ: ಹಿಮಾಚಲದ ಟ್ರೌಟ್ ನೀರುಗಳಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಗಾಳಕ್ಕೆ ನಿಷೇಧವಿದೆ. ಕಂದು ಟ್ರೌಟ್ ಮೊಟ್ಟೆಯಿಡುವುದೂ ಆ ಮೊಟ್ಟೆಗಳು ಜಲ್ಲಿಯೊಳಗೆ ಬಲಿಯುವುದೂ ಆಗಲೇ. ಉಳಿದ ಕಾಲದಲ್ಲಿ ಪರವಾನಗಿ ಪಡೆದು ಗಾಳ ಹಾಕಬಹುದು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ರೂಢಿ ಈಚೆಗೆ ಬಲಿಯುತ್ತಿದ್ದು, ಹಾಗೆ ಬಿಡುವವರು ಮುಳ್ಳಿಲ್ಲದ ಗಾಳವನ್ನು ಬಳಸುತ್ತಾರೆ. ಮೀನನ್ನು ಮುಟ್ಟುವ ಮುನ್ನ ಕೈಯನ್ನು ತೊರೆಯಲ್ಲಿ ಅದ್ದಿಕೊಳ್ಳಬೇಕು. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬಂದು, ಆ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ.